ಪದಚರ್ಚೆ: ‘ಕೋಸ್ಟರ್ ಬ್ರೇಕ್’ಗೆ ‘ಹಿಂತುಳಿ ಬ್ರೇಕ್’ ಆದೀತೆ? ‘ಹಬ್ ಗೇರ್’ಗೆ ಏನನ್ನೋಣ?

ಪ್ರಶ್ನೆ

ದಿನಾ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಿಗಾಗಿ ಬರೆದ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಎರಡು ಪದಗಳ ಹತ್ತಿರ ಕೆಲಸ ನಿಂತಿದೆ: ಹಬ್ ಗೇರ್ (ಚಕ್ರದ ನಡುಭಾಗವಾದ ಹಬ್ಬಿನೊಳಗೇ ಇರುವ ಗೇರ್), ಕೋಸ್ಟರ್ ಬ್ರೇಕ್ (ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯುವ ಬ್ರೇಕ್). ಮೊದಲ ಕರಡಿನಲ್ಲಿ ‘ನಾಭಿ ಗೇರು’, ‘ಜಾರು ಬ್ರೇಕು’ ಎಂದಿತ್ತು. ಎರಡನೆಯದನ್ನು ಓದಿದವರು, ಬ್ರೇಕ್ ಹಿಡಿದರೆ ಸೈಕಲ್ ಜಾರುತ್ತದೆ ಎಂದೇ ತಿಳಿದರು. ನಿಘಂಟು ತೆಗೆದರೆ ಕೋಸ್ಟರ್ ಎಂದರೆ ಕರಾವಳಿಯ ಹಡಗು, ಇಲ್ಲವೇ ಲೋಟದ ಕೆಳಗಿಡುವ ಬಿಲ್ಲೆ. ಬ್ರೇಕಿಗೂ ಕರಾವಳಿಗೂ ಎಲ್ಲಿಯ ನಂಟು? ಈ ಕೆಳಗಿನ ವಾಕ್ಯ ಕನ್ನಡದಲ್ಲಿ ಹೇಗೆ ಬರಬೇಕು: ‘ಮೂರು ಸ್ಪೀಡಿನ ಹಬ್ ಗೇರ್, ಕೋಸ್ಟರ್ ಬ್ರೇಕ್ ಇರುವ ಸೈಕಲ್ಲಿಗೆ ಮುಂದೆ ಕೈಬ್ರೇಕ್ ಇರಲೇಬೇಕು’?

ಉತ್ತರ 1

ನಂಟಿದೆ, ಆದರೆ ಬಲು ದೂರದ್ದು. ‘ಕೋಸ್ಟ್’ ಪದದ ಹಳೆಯ ಅರ್ಥ ಪಕ್ಕೆ, ಬದಿ, ಇಳಿಜಾರು. ಹಿಮದ ದಿಬ್ಬದಿಂದ ಜಾರುಬಂಡಿಯಲ್ಲಿ ಇಳಿಯುವುದಕ್ಕೆ ಅಮೆರಿಕದವರು ಈ ಪದ ಬಳಸಿದರು. ಅಲ್ಲಿಂದ ಸೈಕಲ್ಲಿಗೆ ಬಂದು ‘ತುಳಿಯದೆ ಹಾಗೇ ಬಿಡುವುದು’ ಎಂದಾಯಿತು. ಆಗಿನ ಸೈಕಲ್ಲುಗಳಿಗೆ ಫ್ರೀವೀಲ್ ಇರಲಿಲ್ಲ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಿತ್ತು. 19ನೇ ಶತಮಾನದ ಕೊನೆಯಲ್ಲಿ ಬಂದ ಹೊಸ ಹಬ್ ಎರಡು ಕೆಲಸ ಮಾಡಿತು. ಕಾಲು ನಿಲ್ಲಿಸಿದರೆ ಚಕ್ರ ತನ್ನ ಪಾಡಿಗೆ ಉರುಳಿತು, ಹಿಂದಕ್ಕೆ ಒತ್ತಿದರೆ ನಿಂತಿತು. ಆ ಕಾಲದವರಿಗೆ ಮೊದಲನೆಯದೇ ಬೆರಗು, ಹೆಸರು ಬಿದ್ದದ್ದೂ ಅದರಿಂದಲೇ. ಈಗ ಯಾವ ಸೈಕಲ್ ತಾನೇ ಹಾಗೆ ಉರುಳುವುದಿಲ್ಲ? ‘ಜಾರು’, ‘ಉರುಳು’ ಎಂದೆಲ್ಲ ಅನುವಾದಿಸಿದರೆ ಬ್ರೇಕಿನ ಸುದ್ದಿಯೇ ಬರುವುದಿಲ್ಲ.

ಜರ್ಮನ್ನರು ಬೇರೆ ದಾರಿ ಹಿಡಿದರು. ಶ್ವೈನ್‌ಫುರ್ಟ್ ಊರಿನ ಎರ್ನ್‌ಸ್ಟ್ ಸಾಕ್ಸ್ 1903ರಲ್ಲಿ ತಂದ ‘ಟಾರ್ಪೆಡೊ’ ಹಬ್‌ ಅಲ್ಲಿ ಮನೆಮಾತಾಯಿತು. ಅವರ ಪದ ‘ರ‍್ಯೂಕ್‌ಟ್ರಿಟ್‌ಬ್ರೆಮ್ಸೆ’, ಹಿಂದಕ್ಕೆ ಮೆಟ್ಟುವ ಬ್ರೇಕ್. ಡಚ್ಚರದೂ ಅದೇ ಬಗೆ. ತಮಾಷೆ ಏನೆಂದರೆ ‘ರ‍್ಯೂಕ್‌ಟ್ರಿಟ್’ ಎಂದರೆ ರಾಜೀನಾಮೆಯೂ ಹೌದು. ನಮ್ಮ ‘ಹಿಮ್ಮೆಟ್ಟು’ ಪದದ ಪಾಡೂ ಅದೇ. ಬಿಡಿಸಿದರೆ ಹಿಂದಕ್ಕೆ ಮೆಟ್ಟು, ಬಳಕೆಯಲ್ಲಿ ಸೋತು ಸರಿ. ‘ಹಿಮ್ಮೆಟ್ಟು ಬ್ರೇಕ್’ ಎಂದರೆ ಬ್ರೇಕೇ ಹೆದರಿ ಓಡಿದಂತೆ ಕೇಳುತ್ತದೆ. ಅಲ್ಲದೆ ಕನ್ನಡದಲ್ಲಿ ಸೈಕಲ್ ಮೆಟ್ಟುವುದಿಲ್ಲ, ತುಳಿಯುತ್ತೇವೆ. ಹಿಂತಿರುಗು, ಹಿಂತೆಗೆ ಇರುವ ಹಾಗೆ ‘ಹಿಂತುಳಿ’ ಇರಲಿ. ‘ಹಬ್ ಬ್ರೇಕ್’ ಮಾತ್ರ ಬೇಡ. ಡ್ರಮ್ ಬ್ರೇಕ್, ರೋಲರ್ ಬ್ರೇಕುಗಳೂ ಹಬ್ಬಿನಲ್ಲೇ ಇರುತ್ತವೆ, ಅವನ್ನು ಹಿಡಿಯುವುದು ಕೈಯಿಂದ.

‘ಹಿಂತುಳಿ’ ಎಂದೊಡನೆ ಓದುಗನಿಗೆ ಮೂರು ವಿಷಯ ತಾವಾಗಿಯೇ ಹೊಳೆಯುತ್ತವೆ. ಒಂದು, ಒತ್ತಡ ಚೈನಿನ ಮೂಲಕ ಹೋಗುತ್ತದೆ. ಚೈನ್ ಕಳಚಿದರೆ ಹಿಂದಿನ ಬ್ರೇಕೇ ಇಲ್ಲ, ಮುಂದಿನ ಕೈಬ್ರೇಕ್ ಬೇಕೆನ್ನುವುದು ಅದಕ್ಕೇ. ಎರಡು, ಪೆಡಲ್ ಅಡ್ಡಕ್ಕೆ ಇರುವಾಗ ಒತ್ತಿದರೆ ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆ. ಒಂದು ಪೆಡಲ್ ನೆತ್ತಿಯಲ್ಲಿ, ಇನ್ನೊಂದು ತಳದಲ್ಲಿ ಇರುವಾಗ ಒತ್ತಿದರೆ ಕಾಲಿನ ಭಾರ ವ್ಯರ್ಥ. ಮೂರು, ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತಂದುಕೊಳ್ಳಲಾಗುವುದಿಲ್ಲ. ಸಿಗ್ನಲ್ಲಿಗೆ ಬರುವಾಗಲೇ ಪೆಡಲ್ ಗಡಿಯಾರದ ಎರಡು ಗಂಟೆಯ ಜಾಗಕ್ಕೆ ಬರುವಂತೆ ನಿಲ್ಲಿಸುವುದು ರೂಢಿಯಾಗಬೇಕು. ತಪ್ಪಿದರೆ ಹಿಂದಿನ ಚಕ್ರವನ್ನು ತುಸು ಎತ್ತಿ ಪೆಡಲನ್ನು ಮುಂದಕ್ಕೆ ತಿರುಗಿಸಿಕೊಳ್ಳಬೇಕು.

ಘಾಟಿ ಇಳಿಯುವವರಿಗೆ ಇದು ತಕ್ಕ ಬ್ರೇಕಲ್ಲ. ಉಜ್ಜುವ ಭಾಗಗಳೆಲ್ಲ ಮುಚ್ಚಿದ ಹಬ್ಬಿನೊಳಗೆ ಗ್ರೀಸಿನಲ್ಲಿವೆ, ಬಿಸಿ ಹೊರಹೋಗಲು ದಾರಿ ಕಡಿಮೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡದಲ್ಲಿ 1976ರಿಂದ ನಡೆದ ಇಳಿಜಾರಿನ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರು. ಒಂದು ಸಲ ಇಳಿದರೆ ಹಬ್ಬಿನ ಗ್ರೀಸ್ ಸುಟ್ಟು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿತ್ತು.

ಉತ್ತರ 2

ಹಬ್ ಗೇರಿಗೆ ‘ಒಳಗೇರು’ ಎಂದು ಸೂಚಿಸೋಣವೆಂದರೆ ಅದು ‘ಒಳಗೆ ಏರು’ ಎಂದು ಬಸ್ಸಿನ ಕಂಡಕ್ಟರ್ ಕೂಗಿದಂತಿದೆ. ‘ನಾಭಿ’ ಶಾಸ್ತ್ರಕ್ಕೆ ಸರಿ, ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಸೈಕಲ್ ಶಾಪಿನಲ್ಲಿ ಹಬ್ ಎಂದರೆ ಹಬ್ಬೇ. ಇರುಸು ಎಕ್ಸೆಲ್ ಆಗಿದೆ. ಸ್ಪೋಕಿಗೆ ಮಾತ್ರ ಕಡ್ಡಿ ಎನ್ನುವುದು ಉಳಿದಿದೆ. ಹಾಗಾಗಿ ‘ಹಬ್ ಗೇರ್’ ಎಂದೇ ಬಿಡಿ. ಒಂದು ಎಚ್ಚರಿಕೆ ಬೇಕು: ನಮ್ಮಲ್ಲಿ ‘ಗೇರ್ ಸೈಕಲ್’ ಎಂದರೆ ಹಲ್ಲುಚಕ್ರಗಳ ಗೊಂಚಲು ಹೊರಗೆ ಕಾಣುವ, ಚೈನ್ ಒಂದರಿಂದ ಇನ್ನೊಂದಕ್ಕೆ ಹಾರುವ ಸೈಕಲ್. ಹಬ್ ಗೇರಿನಲ್ಲಿ ಹಿಂದೆ ಒಂದೇ ಹಲ್ಲುಚಕ್ರ, ಮಿಕ್ಕದ್ದೆಲ್ಲ ಹಬ್ಬಿನ ಹೊಟ್ಟೆಯಲ್ಲಿ. ಮೊದಲ ಸಲ ಬಳಸುವಾಗ ಇಷ್ಟನ್ನು ಹೇಳಿಬಿಡಿ.

ಕೊಳ್ಳುವವರಿಗೆ ಲೆಕ್ಕವೂ ಬೇಕು. ಶಿಮಾನೊ ಕಂಪನಿಯ ನೆಕ್ಸಸ್ ಎಂಬ ಮೂರು ಸ್ಪೀಡಿನ ಹಬ್ಬಿನಲ್ಲಿ ಗೇರುಗಳು 0.733, 1, 1.364, ಅಂದರೆ ಹಿಂದಿನ ಹಲ್ಲುಚಕ್ರದ ಒಂದು ಸುತ್ತಿಗೆ ಚಕ್ರ ಅಷ್ಟು ಸುತ್ತು ತಿರುಗುತ್ತದೆ. ಮುಂದೆ 38 ಹಲ್ಲು, ಹಿಂದೆ 19 ಇದ್ದು, ಚಕ್ರದ ಸುತ್ತಳತೆ 2.17 ಮೀಟರ್ ಎಂದಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 3.2, 4.3, 5.9 ಮೀಟರ್ ಹೋಗುತ್ತದೆ. ಸಮತಟ್ಟಾದ ಊರಿಗೆ ಸಾಕು. ಏರು ಇದ್ದರೆ ಹಿಂದಿನ 19 ತೆಗೆದು 22 ಹಾಕಿ, ಮೊದಲ ಗೇರ್ 2.7 ಮೀಟರಿಗೆ ಇಳಿಯುತ್ತದೆ. ಆ ಹಲ್ಲುಚಕ್ರವನ್ನು ಹಿಡಿದಿಡುವುದು ಒಂದು ತಂತಿ ಉಂಗುರ, ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಬರುತ್ತದೆ. ಅಷ್ಟಕ್ಕೂ ಸಾಲದಿದ್ದರೆ ಎಂಟು ಸ್ಪೀಡಿನದು ನೋಡಿ, ಅದರ ವ್ಯಾಪ್ತಿ (ಅತಿ ಕೆಳಗಿನ ಗೇರಿಗೆ ಹೋಲಿಸಿದರೆ ಅತಿ ಮೇಲಿನದು ಎಷ್ಟು ಎಂಬ ಲೆಕ್ಕ) 307 ಪ್ರತಿಶತ, ಮೂರರದು 186. ದೊಡ್ಡ ಏರಿನ ಆಚೆ ದೊಡ್ಡ ಇಳಿಜಾರೂ ಇರುವುದರಿಂದ ಅಲ್ಲಿ ಹಿಂತುಳಿ ಇಲ್ಲದ ಮಾದರಿಯೇ ವಾಸಿ.

ಗೇರ್ ಬದಲಿಸುವಾಗ ‘ತುಳಿಯುವುದನ್ನು ನಿಲ್ಲಿಸಿ’ ಎಂದು ಬರೆಯಿರಿ, ‘ಹಿಂದಕ್ಕೆ ತುಳಿಯಿರಿ’ ಎಂದಲ್ಲ. ಹಿಂತುಳಿ ಬ್ರೇಕ್ ಇರುವ ಸೈಕಲ್ಲಿನಲ್ಲಿ ಈ ಒಂದು ಪದದ ತಪ್ಪಿಗೆ ಸವಾರ ಟ್ರಾಫಿಕ್ ನಡುವೆ ಗಕ್ಕನೆ ನಿಲ್ಲುತ್ತಾನೆ.

ಉತ್ತರ 3

ರಿಪೇರಿ ಭಾಗದಲ್ಲಿ ಎರಡು ಬಿಡಿಭಾಗಗಳಿಗೆ ಹೆಸರು ಬೇಕಾಗುತ್ತದೆ. ಹಬ್ಬಿನ ಎಡಗಡೆ ಒಂದು ಉಕ್ಕಿನ ಪಟ್ಟಿ ಚಾಚಿಕೊಂಡು ಫ್ರೇಮಿನ ಪೈಪಿಗೆ ಕ್ಲಿಪ್ಪಿನಲ್ಲಿ ಕಚ್ಚಿರುತ್ತದೆ. ‘ಬ್ರೇಕ್ ತೋಳು’ ಸಾಕು. ಬ್ರೇಕಿನ ಪೂರ್ತಿ ತಿರುಚುಬಲ ಬೀಳುವುದು ಇದರ ಮೇಲೆ. ಪಂಕ್ಚರ್ ಹಾಕಲು ಚಕ್ರ ಬಿಚ್ಚಿದವರು ಕ್ಲಿಪ್ಪಿನ ಸ್ಕ್ರೂ ಮರೆತರೆ, ಮೊದಲ ಬ್ರೇಕಿಗೇ ತೋಳು ಗಿರ್ರನೆ ತಿರುಗಿ ಎಕ್ಸೆಲ್ ನಟ್ ಸಡಿಲಾಗುತ್ತದೆ. ಎರಡನೆಯದು ಎಕ್ಸೆಲ್ ತಿರುಗದಂತೆ ತಡೆಯುವ ಮೂಗಿನ ವಾಷರ್. ಮೂಗು ಫ್ರೇಮಿನ ಸೀಳಿನೊಳಗೆ ಕೂರಬೇಕು. ಮಾಮೂಲಿ ವಾಷರ್ ಎಂದು ಬದಲಿಸಿದರೆ ಎಕ್ಸೆಲ್ ಜರುಗಿ ಗೇರ್ ತಪ್ಪುತ್ತದೆ. ‘ಮೂಗು ವಾಷರ್’ ಎಂದರೆ ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ.

ಚೈನಿನ ಸಡಿಲಕ್ಕೆ ‘ಆಟ’ ಎನ್ನಿ. ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಒಟ್ಟು ಒಂದು, ಒಂದೂವರೆ ಸೆಂಟಿಮೀಟರ್ ಆಟ ಇರಬೇಕು. ಆಟ ಜಾಸ್ತಿಯಾಯಿತೆಂದು ಅದನ್ನು ಎಳೆದು ಹಿಡಿಯುವ ಸ್ಪ್ರಿಂಗಿನ ಚೈನ್ ಟೆನ್ಷನರ್ ಹಾಕಬೇಡಿ. ಹಿಂದಕ್ಕೆ ತುಳಿದಾಗ ಚೈನಿನ ಕೆಳಸಾಲು ಬಿಗಿಯುತ್ತದೆ, ಟೆನ್ಷನರ್ ಬಗ್ಗಿಹೋಗುತ್ತದೆ. ಚಕ್ರವನ್ನೇ ಹಿಂದಕ್ಕೆ ಸರಿಸಿ ಬಿಗಿಮಾಡಬೇಕು.

ನಮ್ಮ ಹಳೆಯ ಕರಿ ಸೈಕಲ್ಲಿಗೆ ಈ ಹಬ್ ಹಾಕಿಸಲು ಹೊರಡುವವರಿಗೂ ಒಂದು ಸಾಲು ಬರೆಯಿರಿ. ಅದರ ಹಿಂದಿನ ರಿಮ್ಮಿಗೆ 40 ಕಡ್ಡಿ, ಮುಂದಿನದಕ್ಕೆ 32, ಬ್ರಿಟಿಷರ ಕಾಲದ ಲೆಕ್ಕ. ನೆಕ್ಸಸ್ ಹಬ್ ಸಾಮಾನ್ಯವಾಗಿ 36 ತೂತಿನದು. ಹಬ್ ಕೊಂಡ ಮೇಲೆ ರಿಮ್ಮು, ಕಡ್ಡಿ ಎರಡನ್ನೂ ಕೊಳ್ಳಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ವಾಕ್ಯ ಈಗ ಹೀಗಿದೆ: ‘ಮೂರು ಸ್ಪೀಡಿನ ಹಬ್ ಗೇರೂ ಹಿಂತುಳಿ ಬ್ರೇಕೂ ಇರುವ ಸೈಕಲ್ಲಿಗೆ, ಚೈನ್ ಕಳಚಿದಾಗ ನಿಲ್ಲಿಸಲೆಂದು, ಮುಂದೆ ಕೈಬ್ರೇಕ್ ಇರಲೇಬೇಕು.’ ‘ಮೂಗು ವಾಷರ್’ ಚಿತ್ರದ ಸಮೇತ ಹೋಗುತ್ತದೆ. ‘ಹಿಂತುಳಿ’ಯನ್ನು ಕ್ರಿಯಾಪದವಾಗಿಯೂ ಬಳಸಬಹುದೇ, ‘ಸಿಗ್ನಲ್ ಕಂಡೊಡನೆ ಮೆಲ್ಲಗೆ ಹಿಂತುಳಿಯಿರಿ’ ಎಂದು?