ಎಕ್ಸಾಸ್ಟ್ ಬ್ರೇಕ್ ಹಾಕಿದರೆ ಮಸಿ ಕಾರುತ್ತದೆ, ಕಾಲ್ ಬ್ರೇಕ್ ಕಲ್ಲಾಗುತ್ತದೆ: ಪಂಪ್ ಬದಲಿಸಬೇಕಾ?

ಸಕಲೇಶಪುರ ಗಾಡಿ:

ಎಲ್ಲರಿಗೂ ನಮಸ್ಕಾರ. ನನ್ನದು 2011ರ ಮಾಡೆಲ್ ಡೀಸೆಲ್ ಗಾಡಿ. ನಾಲ್ಕು ಸಿಲಿಂಡರ್, ಹಿಂದೆ ತೆರೆದ ಬಾಡಿ, ಪಿಕಪ್‌ಗಿಂತ ಸ್ವಲ್ಪ ದೊಡ್ಡದು. ವಾರಕ್ಕೆ ಮೂರು ಸಲ ಶುಂಠಿ, ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಕಾಲ್ ಬ್ರೇಕ್ ಹೈಡ್ರಾಲಿಕ್, ಅದಕ್ಕೆ ವ್ಯಾಕ್ಯೂಮ್ (ಗಾಳಿ ಹೀರಿದ ಎಳೆತ) ಬಳಸಿ ಪೆಡಲ್ ಹಗುರ ಮಾಡುವ ಬೂಸ್ಟರ್. ಹೊಗೆ ಪೈಪ್ ಮುಚ್ಚಿ ಇಂಜಿನ್ನಿಂದಲೇ ಗಾಡಿ ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕ್ ಕೂಡ ವ್ಯಾಕ್ಯೂಮ್‌ನಲ್ಲೇ ಕೆಲಸ ಮಾಡುತ್ತದೆ.

ತಿಂಗಳ ಹಿಂದೆ ಶುರುವಾಯಿತು. ಎಕ್ಸಾಸ್ಟ್ ಬ್ರೇಕ್ ಹಾಕಲು ಸ್ಟೀರಿಂಗ್ ಪಕ್ಕದ ಕಡ್ಡಿ ಎಳೆದ ಕೂಡಲೇ ಕ್ಯಾಬಿನ್ ಕೆಳಗೆ ‘ಟ್ಸ್ಸ್’ ಅಂತ ಶಬ್ದ. ಬಗ್ಗಿ ನೋಡಿದರೆ ಚಾಸಿಸ್ ಮೇಲೆ ಬೀಸಣಿಗೆ ಬಿಡಿಸಿದ ಹಾಗೆ ಕಪ್ಪು ಮಸಿ. ಒಂದು ಗ್ಯಾರೇಜಿನಲ್ಲಿ ಎಕ್ಸಾಸ್ಟ್ ಪೈಪ್ ಜೋಡಿಸುವ ಫ್ಲಾಂಜಿನ ಗ್ಯಾಸ್ಕೆಟ್ ಬದಲಿಸಿ, ಮೇಲೆ ಕೆಂಪು ಸಿಲಿಕಾನ್ ಪೇಸ್ಟ್ ಬಳಿದು ಕಳಿಸಿದರು. ಎರಡು ಟ್ರಿಪ್ ಸುಮ್ಮನಿತ್ತು. ಆಮೇಲೆ ಅದೇ ಶಬ್ದ, ಅದೇ ಮಸಿ.

ಕಳೆದ ಗುರುವಾರದ್ದು ಹೇಳಲೇಬೇಕು. ಮಾರನಹಳ್ಳಿ ದಾಟಿ ಇಳಿಯುತ್ತಿದ್ದೆ. ಎಕ್ಸಾಸ್ಟ್ ಬ್ರೇಕ್ ಹಾಕಿತ್ತು, ತಿರುವಿನಲ್ಲಿ ಕಾಲ್ ಬ್ರೇಕ್ ಒತ್ತಿದೆ. ಪೆಡಲ್ ಕಲ್ಲು! ಎರಡೂ ಕಾಲು ಕೊಟ್ಟು ನಿಲ್ಲಿಸಿದೆ. ಕಡ್ಡಿ ಆಫ್ ಮಾಡಿ ಎರಡು ಮೂರು ಸೆಕೆಂಡ್ ಬಿಟ್ಟು ಒತ್ತಿದರೆ ಪೆಡಲ್ ಮಾಮೂಲಿ. ಮತ್ತೆ ಆನ್ ಮಾಡಿದರೆ ಮತ್ತೆ ಗಟ್ಟಿ. ಅವತ್ತಿನಿಂದ ಲೋಡ್ ಹಿಡಿದಿಲ್ಲ.

ಇನ್ನೊಂದು ಗ್ಯಾರೇಜಿಗೆ ತೋರಿಸಿದೆ. ಅವರು ವ್ಯಾಕ್ಯೂಮ್ ಗೇಜ್ (ಪಾದರಸದ ಇಂಚಿನ ಲೆಕ್ಕ) ಹಾಕಿ, “23.5 ಇಂಚು ಬರುತ್ತಿದೆ, 27 ಬರಬೇಕು, ವ್ಯಾಕ್ಯೂಮ್ ಪಂಪ್ ಹೋಗಿದೆ, ಡೈನಮೋ ಸಮೇತ ಬದಲಿಸಬೇಕು” ಅಂದರು. ಪಂಪ್ ಡೈನಮೋ ಹಿಂದೆಯೇ ಕೂತಿದೆ. ಹನ್ನೊಂದು ಸಾವಿರ ಹೇಳಿದ್ದಾರೆ. ಹಾಕಿಸಲಾ? ಅಲ್ಲಿಯವರೆಗೆ ಎಕ್ಸಾಸ್ಟ್ ಬ್ರೇಕ್ ಮುಟ್ಟದೆ ಘಾಟಿ ಇಳಿಯಬಹುದಾ? ಗಾಡಿ ನಿಂತರೆ ಮನೆ ಖರ್ಚೂ ನಿಲ್ಲುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ಹಾಸನ ಮೆಕ್ಯಾನಿಕ್:

ಅಣ್ಣ, ಡೈನಮೋಗೆ ದುಡ್ಡು ಕೊಡಬೇಡಿ. ನಾನು 26 ವರ್ಷದಿಂದ ಘಾಟಿ ಗಾಡಿಗಳನ್ನೇ ಜಾಸ್ತಿ ನೋಡುತ್ತಿರುವವನು. ನಿಮ್ಮ ಪಂಪ್ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ಕಡ್ಡಿ ಆಫ್ ಇದ್ದಾಗ ಪೆಡಲ್ ಮಾಮೂಲಿ ಅಲ್ವಾ? ಪಂಪ್ ಹೋಗಿದ್ದರೆ ಆಗಲೂ ಗಟ್ಟಿ ಇರಬೇಕಿತ್ತು.

ಗೇಜಿನ ವಿಷಯ. 27 ಇಂಚು ಅನ್ನುವುದು ಮಂಗಳೂರಿನಂಥ ಊರಿನ ಲೆಕ್ಕ. ಸಕಲೇಶಪುರ ಸಮುದ್ರಕ್ಕಿಂತ ಸುಮಾರು 950 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡವೇ ಸುಮಾರು ಮೂರು ಇಂಚು ಕಡಿಮೆ. ಎಂಥ ಹೊಸ ಪಂಪ್ ಹಾಕಿದರೂ ಅಲ್ಲಿ 27 ದಾಟುವುದೇ ಇಲ್ಲ, ಯಾಕೆಂದರೆ ಅಲ್ಲಿನ ಪೂರ್ತಿ ಗಾಳಿಯೇ 26.7ರ ಆಸುಪಾಸು. ನಿಮ್ಮ 23.5 ಒಳ್ಳೆಯ ಪಂಪಿನ ಲೆಕ್ಕ. ಬೇಕಿದ್ದರೆ ಅದೇ ಗೇಜನ್ನು ಮಂಗಳೂರಿನಲ್ಲಿ ಹಾಕಿ ನೋಡಿ, ಮುಳ್ಳು ತಾನಾಗಿ ಮೇಲೆ ಹೋಗುತ್ತದೆ.

ಈಗ ನಿಜವಾದ ಕಾಯಿಲೆ. ನಿಮ್ಮ ಗಾಡಿಯಲ್ಲಿ ಎರಡು ಲೀಕ್ ಇವೆ. ಒಂದು ಹೊಗೆಯದ್ದು, ಒಂದು ವ್ಯಾಕ್ಯೂಮ್‌ನದ್ದು. ಮೊದಲನೆಯದೇ ಎರಡನೆಯದನ್ನು ಹುಟ್ಟಿಸಿದೆ ಅಂತ ನನ್ನ ಅಂದಾಜು.

ಕಡ್ಡಿ ಎಳೆದಾಗ ಮ್ಯಾಗ್ನೆಟ್ ವಾಲ್ವ್ ತೆರೆದು ವ್ಯಾಕ್ಯೂಮ್ ಟ್ಯಾಂಕಿನ ಎಳೆತ ಡಯಾಫ್ರಾಂ (ರಬ್ಬರ್ ಪರದೆ) ಡಬ್ಬಿಗೆ ಹೋಗುತ್ತದೆ; ಕಾಲ್ ಬ್ರೇಕಿನ ಬೂಸ್ಟರಿಗೂ ಅದೇ ಟ್ಯಾಂಕ್. ಡಬ್ಬಿ ರಾಡ್ ಎಳೆಯುತ್ತದೆ, ರಾಡ್ ಎಕ್ಸಾಸ್ಟ್ ಪೈಪಿನೊಳಗಿನ ತಟ್ಟೆ, ಅಂದರೆ ಬಟರ್‌ಫ್ಲೈ ಮುಚ್ಚುತ್ತದೆ. ಹೊಗೆಗೆ ದಾರಿ ಇಲ್ಲದೆ ಹಿಂದೆ ಎರಡು ಮೂರು ಬಾರ್ ಒತ್ತಡ ಕಟ್ಟುತ್ತದೆ, ಪಿಸ್ಟನ್ ಅದನ್ನು ತಳ್ಳಲು ಒದ್ದಾಡಿ ಗಾಡಿಯನ್ನು ಹಿಡಿಯುತ್ತದೆ. ಕಡ್ಡಿ ಬಿಟ್ಟರೆ ವಾಲ್ವ್ ಮುಚ್ಚಿ, ಡಬ್ಬಿಗೂ ಟ್ಯಾಂಕಿಗೂ ಸಂಬಂಧ ತಪ್ಪುತ್ತದೆ. ಕಡ್ಡಿ ಹಾಕಿದಾಗ ಮಾತ್ರ ಪೆಡಲ್ ಗಟ್ಟಿಯಾಗುತ್ತದೆ ಅಂದರೆ ವ್ಯಾಕ್ಯೂಮ್ ಸೋರುತ್ತಿರುವುದು ಮ್ಯಾಗ್ನೆಟ್ ವಾಲ್ವ್ ಆಚೆಗೆ. ಅಲ್ಲಿ ಇರುವುದು ಎರಡೇ: ರಬ್ಬರ್ ಹೋಸು, ಡಯಾಫ್ರಾಂ.

ಅದು ಯಾಕೆ ಹೋಯಿತು? ಬೀಸಣಿಗೆ ಆಕಾರದ ಮಸಿ ಅಂದಿರಲ್ಲ, ಅದು ಫ್ಲಾಂಜಿನದ್ದಲ್ಲ, ಬಟರ್‌ಫ್ಲೈ ಶಾಫ್ಟ್ ಬುಶ್ಶಿನದ್ದು (ಶಾಫ್ಟ್ ಕೂರುವ ಬಳೆ) ಇರಬೇಕು. ಫ್ಲಾಂಜ್ ಸೋರಿದರೆ ಜಾಯಿಂಟ್ ಉದ್ದಕ್ಕೂ ಗೆರೆ ಬೀಳುತ್ತದೆ. ಬುಶ್ ಸವೆದರೆ ಒಂದೇ ತೂತಿನಿಂದ ಊದಿದ ಹಾಗೆ ಬರುತ್ತದೆ. ಆ ಬಿಸಿ ಹೊಗೆ ನೇರ ಡಬ್ಬಿಯ ರಬ್ಬರಿಗೆ ಹೊಡೆದರೆ ಅದು ಎಷ್ಟು ದಿನ ತಡೆದೀತು? ಡಬ್ಬಿಗೂ ಪೈಪಿಗೂ ನಡುವೆ ಒಂದು ತಗಡು ಇರುತ್ತದೆ. ನಿಮ್ಮದರಲ್ಲಿ ಇದೆಯಾ? ದಯವಿಟ್ಟು ನೋಡಿ ಹೇಳಿ.

ಹೊಗೆ ಲೀಕ್ ಹುಡುಕಲು ನಾನು ಊದುಬತ್ತಿ ಹಚ್ಚುತ್ತೇನೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿಸಿ, ಎಕ್ಸಾಸ್ಟ್ ಬ್ರೇಕ್ ಹಾಕಿಸಿ, ಬತ್ತಿಯನ್ನು ಜಾಯಿಂಟಿನ ಸುತ್ತ ನಿಧಾನ ಸುತ್ತಿಸುತ್ತೇನೆ. ಹೊಗೆ ನೆಟ್ಟಗೆ ಏರುತ್ತಿದ್ದರೆ ಸರಿ. ಬುಶ್ ಹತ್ತಿರ ಬಂದ ಕೂಡಲೇ ಬದಿಗೆ ಹಾರಿದರೆ ಅಲ್ಲೇ ತೂತು. ವ್ಯಾಕ್ಯೂಮ್ ಹೋಸಿನ ಬಿರುಕಿನ ಹತ್ತಿರ ಇದಕ್ಕೆ ಉಲ್ಟಾ, ಬತ್ತಿಯ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಡೀಸೆಲ್ ಪೈಪ್ ಸೋರುತ್ತಿದ್ದರೆ ಮಾತ್ರ ಬತ್ತಿ ತರಲೇಬೇಡಿ, ಸೋಪು ನೀರು ಸಾಕು. ಕೆಲವು ಗಾಡಿಯಲ್ಲಿ ನಿಂತಾಗ ಎಕ್ಸಾಸ್ಟ್ ಬ್ರೇಕ್ ಹಿಡಿಯುವುದಿಲ್ಲ, ಆಗ ಮ್ಯಾಗ್ನೆಟ್ ವಾಲ್ವ್‌ಗೆ ಬ್ಯಾಟರಿಯಿಂದ ನೇರ ವೈರ್ ಕೊಡಬೇಕಾಗುತ್ತದೆ.

ಡಯಾಫ್ರಾಂ ನೋಡಲು ಯಂತ್ರ ಬೇಡ. ಡಬ್ಬಿಯ ಹೋಸ್ ಬಿಚ್ಚಿ, ಶುದ್ಧವಾದ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬಾಯಲ್ಲಿ ಎಳೆಯಿರಿ, ತುದಿಗೆ ನಾಲಿಗೆ ಒತ್ತಿ ಹಿಡಿಯಿರಿ. ಪೈಪ್ ನಾಲಿಗೆಗೆ ಕಚ್ಚಿಕೊಂಡೇ ಇದ್ದರೆ ಡಯಾಫ್ರಾಂ ಗಟ್ಟಿ. ಹತ್ತು ಎಣಿಸುವಷ್ಟರಲ್ಲಿ ಬಿಟ್ಟುಕೊಂಡರೆ ಹರಿದಿದೆ.

ಇನ್ನು ಗಾಡಿ ಓಡಿಸುವ ಮಾತು. ಕಡ್ಡಿ ಮುಟ್ಟದೆ ಇದ್ದರೆ ಸಾಲದು. ಅಭ್ಯಾಸದಲ್ಲಿ ಕೈ ಹೋಗಿಯೇ ಹೋಗುತ್ತದೆ. ಮ್ಯಾಗ್ನೆಟ್ ವಾಲ್ವ್‌ಗೆ ಟ್ಯಾಂಕಿನಿಂದ ಬರುವ ಹೋಸ್ ಕಳಚಿ, ಅದರೊಳಗೆ ಸರಿಯಾದ ಬೋಲ್ಟ್ ತುರುಕಿ ಕ್ಲಿಪ್ ಹಾಕಿ. ಬಟರ್‌ಫ್ಲೈ ಪೂರ್ತಿ ತೆರೆದು ನಿಂತಿದೆಯಾ ಅಂತ ಕಣ್ಣಾರೆ ನೋಡಿ. ಅರ್ಧ ಮುಚ್ಚಿದ್ದರೆ ಇಂಜಿನ್ ಎಳೆಯುವುದಿಲ್ಲ, ಕಾಯುತ್ತದೆ. ಇಷ್ಟು ಮಾಡಿ ಊರೊಳಗೆ ಓಡಾಡಿ. ಲೋಡ್ ಹಾಕಿಕೊಂಡು ಶಿರಾಡಿ ಇಳಿಯಬೇಡಿ ಅಂತಲೇ ನಾನು ಹೇಳುವುದು.

ಡೆನ್ವರ್ ಕನ್ನಡಿಗ:

ಗೇಜಿನ ಮಾತಿಗೆ ನನ್ನದೂ ಒಂದು ಸಾಕ್ಷಿ. ನಾನಿರುವ ಡೆನ್ವರ್ ಸುಮಾರು 1,600 ಮೀಟರ್ ಎತ್ತರ. ಇಲ್ಲಿ ಯಾವ ಗಾಡಿಯಲ್ಲೂ ವ್ಯಾಕ್ಯೂಮ್ 25 ಇಂಚು ಮುಟ್ಟುವುದಿಲ್ಲ.

ನನ್ನ ಹತ್ತಿರ 5.9 ಲೀಟರಿನ ಹಳೆಯ ಡೀಸೆಲ್ ಪಿಕಪ್ ಇದೆ, ಹೊರಗಿನಿಂದ ಹಾಕಿಸಿದ ಬಟರ್‌ಫ್ಲೈ ಎಕ್ಸಾಸ್ಟ್ ಬ್ರೇಕ್. ನನ್ನದರಲ್ಲೂ ಶಾಫ್ಟ್ ಹತ್ತಿರವೇ ಸೋರುತ್ತಿತ್ತು. ಆದರೆ ಇದರ ಕಾಲ್ ಬ್ರೇಕ್ ಬೂಸ್ಟರ್ ಪವರ್ ಸ್ಟೀರಿಂಗ್ ಪಂಪಿನ ಆಯಿಲ್ ಒತ್ತಡದಲ್ಲಿ ನಡೆಯುತ್ತದೆ. ಹಾಗಾಗಿ ಎಕ್ಸಾಸ್ಟ್ ಬ್ರೇಕ್ ಸೋರಿದರೂ ಪೆಡಲ್ ಗಟ್ಟಿಯಾಗಲಿಲ್ಲ. ನಿಮ್ಮದರಲ್ಲಿ ಎರಡಕ್ಕೂ ಒಂದೇ ವ್ಯಾಕ್ಯೂಮ್ ಅಂತ ಓದಿ ಎದೆ ಝಲ್ ಅಂದಿತು. ಹುಷಾರು.

ಸಕಲೇಶಪುರ ಗಾಡಿ:

ಅಣ್ಣ, ನೀವು ಕೇಳಿದ ತಗಡು ಇಲ್ಲ! ಎರಡು ಬೋಲ್ಟ್ ತೂತು ಖಾಲಿ ಇವೆ. ಸೀಟಿನ ಹಿಂದೆ ಹಳೆಯ ಗ್ಯಾಸ್ಕೆಟ್ ಹಾಕಿಟ್ಟ ಚೀಲ ತೆಗೆದರೆ ಅದರೊಳಗೇ ತಗಡು ಇತ್ತು. ಗ್ಯಾಸ್ಕೆಟ್ ಬದಲಿಸಿದ ದಿನ ಬಿಚ್ಚಿದವರು ಮತ್ತೆ ಹಾಕಿಲ್ಲ. ಪೆಡಲ್ ಗಟ್ಟಿಯಾಗಿದ್ದೂ ಅದಾದ ಮೇಲೆಯೇ.

ಊದುಬತ್ತಿ ಹಿಡಿದೆ. ಫ್ಲಾಂಜಿನ ಸುತ್ತ ನೆಟ್ಟಗಿತ್ತು. ಶಾಫ್ಟಿನ ಹೊರತುದಿಗೆ ತಂದ ಕೂಡಲೇ ಬತ್ತಿಯ ಕೆಂಡವೇ ಹೊಳೆಯಿತು, ಹೊಗೆ ಚದುರಿಹೋಯಿತು. ಡಯಾಫ್ರಾಂ ನಾಲಿಗೆ ಪರೀಕ್ಷೆಯಲ್ಲಿ ಮೂರು ಎಣಿಸುವಷ್ಟೂ ನಿಲ್ಲಲಿಲ್ಲ. ಹೋಸ್ ಬಗ್ಗಿಸಿದರೆ ಹಪ್ಪಳದ ಹಾಗೆ ಬಿರುಕು. ಬೋಲ್ಟ್ ತುರುಕಿ ಕ್ಲಿಪ್ ಹಾಕಿದ್ದೇನೆ, ಪೆಡಲ್ ಬೆಣ್ಣೆ. ನಾಳೆ ಬಿಚ್ಚಿಸುತ್ತೇನೆ. ಏನು ನೋಡಿಕೊಳ್ಳಬೇಕು?

ಹಾಸನ ಮೆಕ್ಯಾನಿಕ್:

ಇವತ್ತು ರಾತ್ರಿಯೇ ಫ್ಲಾಂಜ್ ಸ್ಟಡ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬಿಚ್ಚುವಾಗ ಒಂದೇ ಏಟಿಗೆ ಎಳೆಯದೆ ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಸ್ಟಡ್ ಮುರಿದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ.

ವಾಲ್ವ್ ಬಾಡಿ ಕೈಗೆ ಬಂದ ಮೇಲೆ ಶಾಫ್ಟ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಬುಶ್ ಮಾತ್ರ ಸವೆದಿದ್ದರೆ ಲೇತ್‌ನಲ್ಲಿ ಬುಶ್ ಹಾಕಿಸಬಹುದು. ಸಾದಾ ಹಿತ್ತಾಳೆ ಬುಶ್ ಬೇಡ, ಅಲ್ಲಿನ ಕಾವಿಗೆ ಬೇಗ ಸವೆಯುತ್ತದೆ. ಬಾಡಿಯ ತೂತೇ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಪೂರ್ತಿ ಅಸೆಂಬ್ಲಿ ತನ್ನಿ. ಶಾಫ್ಟಿಗೆ ಗ್ರೀಸ್ ಹಚ್ಚುವವರನ್ನು ತಡೆಯಿರಿ. ಅದು ಸುಟ್ಟು ಕರಿಯಾಗಿ ಬಟರ್‌ಫ್ಲೈಯನ್ನೇ ಕಚ್ಚಿಸುತ್ತದೆ. ಸಿಲಿಕಾನ್ ಪೇಸ್ಟ್ ಕೂಡ ಬೇಡ, ಹೊಸ ಗ್ಯಾಸ್ಕೆಟ್, ಸ್ವಚ್ಛ ಮುಖ, ಅಷ್ಟೇ.

ಬಟರ್‌ಫ್ಲೈ ಪೂರ್ತಿ ಮುಚ್ಚದ ಹಾಗೆ ತಡೆಯುವ ಸ್ಕ್ರೂ ಒಂದಿರುತ್ತದೆ. ಬಿಚ್ಚುವ ಮೊದಲೇ ಅದಕ್ಕೆ ಬಣ್ಣದ ಗುರುತು ಹಾಕಿ. ‘ಇನ್ನೂ ಜೋರಾಗಿ ಹಿಡಿಯಲಿ’ ಅಂತ ಯಾರಾದರೂ ತಿರುಗಿಸಿದರೆ ಐಡಲ್‌ನಲ್ಲಿ ಇಂಜಿನ್ ಬಂದ್ ಆಗುತ್ತದೆ. ಇಂಜಿನ್ ಬಂದ್ ಆದರೆ ಪಂಪ್ ಬಂದ್, ಟ್ಯಾಂಕಿನಲ್ಲಿ ಉಳಿದಿರುವುದು ಕೆಲವೇ ಸಲ ಒತ್ತುವಷ್ಟು ವ್ಯಾಕ್ಯೂಮ್. ಘಾಟಿಯಲ್ಲಿ ಇಂಜಿನ್ ಆಫ್ ಮಾಡಿ ಡೀಸೆಲ್ ಉಳಿಸುವ ಹುಡುಗರಿಗೂ ನಾನು ಇದನ್ನೇ ಕೂಗಿ ಹೇಳುವುದು.

ಹೋಸ್ ವ್ಯಾಕ್ಯೂಮ್‌ನದ್ದೇ ಬೇಕು. ನೀರಿನ ಪೈಪ್ ಹಾಕಿದರೆ ಎಳೆತಕ್ಕೆ ಒಳಗೇ ಅಂಟಿಕೊಳ್ಳುತ್ತದೆ. ತಗಡು ಹಾಕದೆ ಗಾಡಿ ಕೆಳಗಿಂದ ಯಾರನ್ನೂ ಏಳಲು ಬಿಡಬೇಡಿ.

ಸಕಲೇಶಪುರ ಗಾಡಿ:

ಐದು ದಿನ ಆಯಿತು. ಬುಶ್ ಲೇತ್‌ನಲ್ಲಿ ಹಾಕಿಸಿದೆ, ಡಯಾಫ್ರಾಂ ಡಬ್ಬಿ, ಹೋಸ್, ಗ್ಯಾಸ್ಕೆಟ್ ಹೊಸದು. ಕೂಲಿ ಸೇರಿ 3,900 ಆಯಿತು. ತಗಡನ್ನು ನಾನೇ ಮಲಗಿ ಬಿಗಿದೆ.

ಗೇಜ್ ತರಿಸಿ ನೋಡಿದೆವು. ಕಡ್ಡಿ ಹಾಕಿದಾಗ ಮುಳ್ಳು ಒಂದು ಸಲ ಕೆಳಗೆ ಜಾರಿ, ಕೂಡಲೇ 23.5ಕ್ಕೆ ಹತ್ತಿ ಅಲ್ಲೇ ನಿಂತಿತು. ಮೊದಲು ಖಾಲಿ ಗಾಡಿಯಲ್ಲಿ ಇಳಿದೆ, ನಿನ್ನೆ ಬೆಳಿಗ್ಗೆ ಅರ್ಧ ಲೋಡ್‌ನಲ್ಲಿ. ಮೂರನೇ ಗೇರ್, ಎಕ್ಸಾಸ್ಟ್ ಬ್ರೇಕ್, ತಿರುವಿನಲ್ಲಿ ಮಾತ್ರ ಕಾಲು. ಗುಂಡ್ಯದಲ್ಲಿ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದೆ. ಬ್ರೇಕ್ ಲೈನರ್ ಸುಟ್ಟ ವಾಸನೆ ಇಲ್ಲ. ಚಾಸಿಸ್ ಮೇಲಿನ ಹಳೆಯ ಮಸಿ ಒರೆಸಿ ಹೋಗಿದ್ದೆ, ಹೊಸದು ಕೂತಿಲ್ಲ. ಇವತ್ತು ಇಂಜಿನ್ ತಣ್ಣಗಾದ ಮೇಲೆ ಫ್ಲಾಂಜ್ ನಟ್ ಇನ್ನೊಂದು ಸಲ ನೋಡಿದೆ, ಎರಡು ನಟ್ ಕಾಲು ಸುತ್ತು ತಿರುಗಿದವು. ನಾಳೆ ಪೂರ್ತಿ ಲೋಡ್.