ಸಹಾಯ ಬೇಕು: ಲಿವರ್ ಕೋಶದ ಸಾವಿನ ದಾರಿ ಮಕ್ಕಳಿಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಆಳಂದ, ಜೇವರ್ಗಿ ಕಡೆಯಿಂದ ಬಸ್ಸಿನಲ್ಲಿ ಬರುವವರೇ ಜಾಸ್ತಿ. ಕನ್ನಡದಲ್ಲಿ ಹೇಳಿದರೆ ಥಟ್ಟನೆ ಹಿಡಿಯುತ್ತಾರೆ.

ಪಾಠ ಕೋಶ ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುವುದರ (ಅಪೊಪ್ಟೋಸಿಸ್) ಬಗ್ಗೆ. ಅರ್ಧ ಪಾಠ ಚೆನ್ನಾಗಿಯೇ ಹೋಯಿತು. ಕೋಶದ ಹೊರಪೊರೆಯಲ್ಲಿ ಫಾಸ್ ಎಂಬ ಗ್ರಾಹಕ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್) ಇರುತ್ತದೆ. ಟಿ ಕೋಶದ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕೋಶ) ಮೇಲಿನ ಫಾಸ್ ಲಿಗ್ಯಾಂಡ್ ಎಂಬ ಜೋಡಿ ಪ್ರೋಟೀನ್ ಅದಕ್ಕೆ ತಗುಲಿದರೆ ಒಳಗಿನ ತುದಿಗೆ ಫ್ಯಾಡ್ ಎಂಬ ಪ್ರೋಟೀನ್ ಬಂದು ಅಂಟುತ್ತದೆ. ಫ್ಯಾಡ್ ಕ್ಯಾಸ್ಪೇಸ್-8 ಎಂಬ, ಪ್ರೋಟೀನ್ ಕತ್ತರಿಸುವ ಕಿಣ್ವವನ್ನು ಸೆಳೆಯುತ್ತದೆ. ಹಲವು ಕ್ಯಾಸ್ಪೇಸ್-8 ಒತ್ತೊತ್ತಾಗಿ ಸೇರಿ ಚುರುಕಾಗುತ್ತವೆ, ಕೋಶವನ್ನು ಒಳಗಿನಿಂದ ಕೆಡವುವ ಕ್ಯಾಸ್ಪೇಸ್-3 ಅನ್ನು ಕತ್ತರಿಸಿ ಎಬ್ಬಿಸುತ್ತವೆ. ಕೋಶ ಕುಗ್ಗಿ, ಮೈಮೇಲೆ ಗುಳ್ಳೆ ಎದ್ದು, ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಕೆಲವು ಕೋಶಗಳಿಗೆ ಈ ನೇರ ದಾರಿಯೇ ಸಾಕು; ಲಿವರ್ ಕೋಶಕ್ಕೆ ಮೈಟೊಕಾಂಡ್ರಿಯದ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಮೂಲಕ ಹೋಗುವ ಎರಡನೇ ದಾರಿಯೂ ಬೇಕು.

ಬೋರ್ಡ್ ಮೇಲೆ ಆ ಗುಳ್ಳೆಗಳನ್ನು ಬಿಡಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ, ಲಿವರ್ ಕೋಶಕ್ಕೆ ಮತ್ತೆ ಮೈಟೊಕಾಂಡ್ರಿಯ ಯಾಕ್ ಬೇಕ್ರಿ?" ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ!

ಲಿವರ್ ಕೋಶದಲ್ಲಿ ಎಕ್ಸ್‌ಐಎಪಿ ಎಂಬ ಪ್ರೋಟೀನ್ ಕ್ಯಾಸ್ಪೇಸ್-3ಕ್ಕೆ ಬ್ರೇಕ್ ಹಾಕಿ ಹಿಡಿದಿರುತ್ತದೆ. ಹಾಗಾಗಿ ಕ್ಯಾಸ್ಪೇಸ್-8 ಬಿಡ್ ಪ್ರೋಟೀನನ್ನು ಕತ್ತರಿಸುತ್ತದೆ. ಆ ತುಂಡು ಮೈಟೊಕಾಂಡ್ರಿಯಕ್ಕೆ ಹೋಗುತ್ತದೆ. ಬ್ಯಾಕ್ಸ್, ಬ್ಯಾಕ್ ಎಂಬ ಪ್ರೋಟೀನುಗಳು ಅಲ್ಲಿ ತೂತು ಮಾಡುತ್ತವೆ. ಅದರಿಂದ ಹೊರಬಂದ ಸ್ಮ್ಯಾಕ್ ಎಂಬ ಪ್ರೋಟೀನ್ ಆ ಬ್ರೇಕ್ ಬಿಡಿಸುತ್ತದೆ. ಇಷ್ಟು ಹೇಳಿದೆ, ಆದರೆ ಅರ್ಧ ಕ್ಲಾಸಿನ ಮುಖದಲ್ಲಿ ಗೊಂದಲ ಹಾಗೇ ಇತ್ತು.

ಈ ಎರಡು ದಾರಿಗಳನ್ನು ಅಕ್ಕಪಕ್ಕ ತೋರಿಸುವ ಚಿತ್ರ ಕನ್ನಡದಲ್ಲಿ ಯಾರ ಹತ್ತಿರವಾದರೂ ಇದೆಯಾ? ಕೈಯಲ್ಲಿ ಬರೆದದ್ದಾದರೂ ಸಾಕು. ನಮ್ಮ ಕಡೆಯ ಹೋಲಿಕೆ ಏನಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ಸೋಮವಾರ ಮತ್ತೆ ಇದೇ ಪಾಠ ಇದೆ.