ಅಪ್‌ಡೇಟ್: ತಳೇಗಾಂವ್ ಪಾಲಿಹೌಸ್‌ನ ಸೆನ್ಸರ್ ಡೇಟಾ ಈಗ ಪೂರ್ತಿ ಬರುತ್ತಿದೆ

ಹೋದ ವಾರ ಕೇಳಿದ್ದೆನಲ್ಲ, ಪುಣೆ ಹತ್ತಿರ ತಳೇಗಾಂವ್‌ನಲ್ಲಿ ನಮ್ಮ ಮಾವನವರ ಗುಲಾಬಿ ಪಾಲಿಹೌಸ್‌ಗೆ ಹಾಕಿದ 30 ಸೆನ್ಸರ್‌ಗಳ ಡೇಟಾ ಅರ್ಧಕ್ಕರ್ಧ ಕಳೆದುಹೋಗುತ್ತಿದೆ ಅಂತ. ಈಗ ಸರಿಹೋಗಿದೆ.

ರೇಡಿಯೋ ಪವರ್ ಜಾಸ್ತಿ ಮಾಡಿದ್ದು ಉಲ್ಟಾ ಹೊಡೆಯಿತು. ದೂರದ ನೋಡ್‌ಗಳೂ (ಸೆನ್ಸರ್ ಇರುವ ರೇಡಿಯೋ ಪೆಟ್ಟಿಗೆಗಳು) ಒಂದಕ್ಕೊಂದು ಅಡ್ಡ ಬಂದವು. ಎಲ್ಲಾ ಡೇಟಾ ಬಂದು ಸೇರುವ ಗೇಟ್‌ವೇ ಮಾತ್ರ ‘ಸಿಕ್ಕಿತು’ ಅಂತ ಉತ್ತರ ಕಳಿಸುವ ಉಪಾಯವೂ ಆಗಲಿಲ್ಲ. ಒಂದೊಂದು ಹಾಪ್‌ನಲ್ಲಿ, ಅಂದರೆ ಒಂದು ನೋಡ್‌ನಿಂದ ಮುಂದಿನದಕ್ಕೆ ಹೋಗುವಾಗ, 10% ಕಳೆದರೂ 5 ಹಾಪ್ ದಾಟುವಷ್ಟರಲ್ಲಿ 100ಕ್ಕೆ 59 ಪ್ಯಾಕೆಟ್ (ಡೇಟಾ ತುಣುಕು) ಮಾತ್ರ ಉಳಿಯುತ್ತವೆ. ಕಳೆದುಹೋದವನ್ನು ಮತ್ತೆ ಮೊದಲಿಂದ ಕಳಿಸಿದರೆ ದಾರಿ ಇನ್ನಷ್ಟು ತುಂಬುತ್ತದೆ, ಅಲ್ವಾ?

ಕೈ ಹಿಡಿದದ್ದು ನನ್ನ ಪ್ರಶ್ನೆಗೆ ಹುಬ್ಬಳ್ಳಿಯ ಅಕ್ಕ ಹೇಳಿದ ಉಪಾಯ. ಪ್ರತಿ ಹಾಪ್‌ನಲ್ಲೂ ಅಕ್ನಾಲೆಜ್‌ಮೆಂಟ್ (‘ಸಿಕ್ಕಿತು’ ಅನ್ನುವ ಉತ್ತರ), ಮುಂದೆ ಹೋಗಲು ಕಾಯುವ ಪ್ಯಾಕೆಟ್‌ಗಳ ಕ್ಯೂ ತುಂಬುತ್ತಾ ಬಂದರೆ ಹಿಂದಿನ ನೋಡ್‌ಗೆ ‘ನಿಧಾನ’ ಅನ್ನುವ ಒಂದು ಬಿಟ್. ಸೆನ್ಸರ್ ನೆಟ್‌ವರ್ಕ್‌ಗಳ ದಟ್ಟಣೆ ತಡೆಯಲು 2003ರಲ್ಲಿ ಬಂದ ಕೋಡಾ (CODA) ಪ್ರೋಟೋಕಾಲ್‌ನ ಬ್ಯಾಕ್‌ಪ್ರೆಷರ್, ಅಂದರೆ ಹಿಂದಿನ ನೋಡ್‌ಗಳನ್ನು ನಿಧಾನಿಸುವುದು, ಅದರ ಹಿಂದಿನ ಯೋಚನೆಯೂ ಇದೇ. ಅಕ್ಕಾ, ತುಂಬಾ ಥ್ಯಾಂಕ್ಸ್.

ನಾನು ಎಣಿಸದೇ ಇದ್ದದ್ದು ಇನ್ನೊಂದು. ಗೇಟ್‌ವೇ ಪಕ್ಕದ ನೋಡ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಲಾಗ್ ನೋಡುತ್ತಾ ಕೂತೆ. ನಿಮಿಷ ಶುರುವಾದ ಕೂಡಲೇ 8 ಪ್ಯಾಕೆಟ್‌ನ ಕ್ಯೂ ಭರ್ತಿ, 4 ಸೆಕೆಂಡಿಗೆ ಖಾಲಿ, ಆಮೇಲೆ ನಿಮಿಷವಿಡೀ ಸುಮ್ನೆ. ಎಲ್ಲಾ ನೋಡ್‌ಗಳೂ ಒಂದೇ ಕ್ಷಣಕ್ಕೆ ಕಳಿಸುತ್ತಿದ್ದವು! ಪ್ರತಿ ನೋಡ್‌ಗೂ 0ರಿಂದ 40 ಸೆಕೆಂಡ್ ಒಳಗೆ ರ‍್ಯಾಂಡಮ್ ತಡ ಕೊಟ್ಟೆ. ಅರ್ಧ ತೊಂದರೆ ಅಲ್ಲೇ ಹೋಯಿತು. ಮೊದಲು ಇದನ್ನೇ ನೋಡಿ.

ನೋಡ್‌ಗಳು ಬಳಸುವ ರೇಡಿಯೋ ವ್ಯವಸ್ಥೆ ಜಿಗ್‌ಬೀಯನ್ನು ಚಾನೆಲ್ 26ಕ್ಕೂ ಬದಲಿಸಿದೆ. ಅದು 2480 ಮೆಗಾಹರ್ಟ್ಸ್, ವೈಫೈ ಚಾನೆಲ್ 11ರಿಂದ ಆಚೆ, ಹಾಗಾಗಿ ವೈಫೈ ಅಡ್ಡ ಬರುವುದು ಕಡಿಮೆ. ನಿನ್ನೆ ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ಓಡುವಾಗಲೂ ಗ್ರಾಫ್ ಎಲ್ಲೂ ತುಂಡಾಗಲಿಲ್ಲ.